ಅಳೆದವಳ ಪಾಲು

ಇಸ್ತ್ರಿಯಕ್ಕನ ತಳ್ಳುಗಾಡಿ ಅಂದು ದಿಬ್ಬವನ್ನು ಸಲೀಸಾಗಿ ಏರಿತು. ಬಟ್ಟೆಗಂಟುಗಳ ಜಾಗದಲ್ಲಿ ಅಕ್ಕಿಮೂಟೆ ಮಲಗಿದ್ದರೂ ಗಾಡಿ ಇಷ್ಟು ಹಗುರವೇಕೆ ಎಂದು ಅವಳು ಯೋಚಿಸಲಿಲ್ಲ. ಮನಸ್ಸೇ ಹಗುರವಾಗಿತ್ತು. ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಇನ್ನೊಂದು ಬೆಲೆ ಎನ್ನುವ ಕಾಲದಲ್ಲಿ ಸಗಟು ಅಂಗಡಿಯ ಕರಿಹಲಗೆಯ ಮೇಲೆ ಹೋದ ತಿಂಗಳ ಬೆಲೆಯೇ ಇತ್ತು.

"ಹಲಗೆ ಬರೆಯೋನ ಕೈಗೆ ಲಕ್ವ ಹೊಡೆದಿರಬೇಕು!" ಎಂದು ವಠಾರಕ್ಕೆ ಕಾಲಿಟ್ಟೊಡನೆ ಕೂಗಿದಳು.

"ಹೊಡೀಲಿ ಬಿಡಕ್ಕ, ಎರಡೂ ಕೈಗೆ ಹೊಡೀಲಿ," ಎಂದಳು ಡ್ರೈವರನ ಹೆಂಡತಿ.

ಆ ಅಂಗಡಿಯಲ್ಲಿ ಮೂಟೆ ಒಡೆದು ಮಾರುವುದಿಲ್ಲ. ಬೀದಿ ಅಂಗಡಿಯ ಸಣ್ಣ ಪೊಟ್ಟಣಗಳಲ್ಲಿ ಕೊಂಡರೆ ಒಂದೂವರೆ ಪಟ್ಟು ಬೀಳುತ್ತದೆ. ಹಾಗಾಗಿ ನಾಲ್ಕು ಮನೆಯವರು ದುಡ್ಡು ಕೂಡಿಸುವುದು, ಗಾಡಿಯಿದ್ದ ಇಸ್ತ್ರಿಯಕ್ಕ ಮೂಟೆ ತರುವುದು, ಅವಳ ನಡುಮನೆಯಲ್ಲಿ ಹಳೆಯ ದುಪ್ಪಟಿ ಹಾಸಿ ಸುರಿದು ಹಂಚುವುದು. ತಗಡಿನ ಡಬ್ಬದಲ್ಲಿ ಮನೆಗೆ ಹತ್ತು. ಪ್ರತಿ ಡಬ್ಬದ ತಲೆಯನ್ನೂ ಟೈಲರಮ್ಮನ ಮರದ ಸ್ಕೇಲಿನಿಂದ ಸವರಿ ಮಟ್ಟ ಮಾಡಲೇಬೇಕು. ಅಳೆದವಳು ಕಡೆಯಲ್ಲಿ ತೆಗೆದುಕೊಳ್ಳಬೇಕು. ಚೆಲ್ಲಿದ ಕಾಳು ಅವಳಿಗೆ. ಟೈಲರಮ್ಮ ಅಳೆಯುತ್ತಿದ್ದ ಕಾಲದಲ್ಲಿ ಈ ಕಟ್ಟಳೆ ಮಾಡಿದವಳೂ ಇಸ್ತ್ರಿಯಕ್ಕನೇ. "ಕೈ ಚೊಕ್ಕ ಇದ್ದೋರಿಗೆ ಕಡೇ ಪಾಲು ಅಂದ್ರೆ ಭಯ ಯಾಕೆ?" ಎಂದು ಎಲ್ಲರೆದುರು ಕೇಳಿದ್ದಳು. ಅಂದಿನಿಂದ ಟೈಲರಮ್ಮ ಡಬ್ಬ ಮುಟ್ಟಿರಲಿಲ್ಲ; ಅಳೆಯುವುದು ಇಸ್ತ್ರಿಯಕ್ಕನ ಪಾಲಿಗೆ ಬಂದಿತ್ತು.

ಒಳಕೋಣೆಯಲ್ಲಿ ಇಸ್ತ್ರಿಯಕ್ಕನ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಇಬ್ಬರು ಹೆಣ್ಣುಮಕ್ಕಳು ಶಾಲೆಯಿಂದ ಹಸಿದು ಬರುವವರಿದ್ದರು. ಮನೆಯಲ್ಲಿ ಅಕ್ಕಿ ನಿನ್ನೆಯೇ ತಳ ಕಂಡಿತ್ತು, ಮತ್ತೆ ಕೊಳ್ಳಲು ಬಿಡಿಗಾಸಿರಲಿಲ್ಲ. ಈ ಹತ್ತು ಡಬ್ಬದಲ್ಲೇ ತಿಂಗಳು ದಾಟಬೇಕು.

ಟೈಲರಮ್ಮ ಕತ್ತರಿಯಿಂದ ಮೂಟೆಯ ಹೊಲಿಗೆ ಬಿಚ್ಚಿದಳು. ವಯಸ್ಸಿಗೆ ಮರ್ಯಾದೆಯೆಂದು ಮೊದಲು ಮೂಲೆಮನೆ ಅಜ್ಜಿಗೆ. ಪೊರಕೆ ಕಟ್ಟಿ ಮಾರಿ, ಬಾಣಂತಿ ಮಗಳನ್ನು ಸಾಕುತ್ತಿದ್ದವಳು ಅವಳು. ಆಮೇಲೆ ಡ್ರೈವರನ ಮನೆಗೆ, ಆಮೇಲೆ ಟೈಲರಮ್ಮನಿಗೆ. ಟೈಲರಮ್ಮನ ಎಂಟನೆಯ ಡಬ್ಬ ತುಂಬುವಾಗ ಇಸ್ತ್ರಿಯಕ್ಕನ ಬೆರಳಿಗೆ ದುಪ್ಪಟಿಯ ನೂಲು ತಾಗಿತು. ಕೈ ನಿಧಾನವಾಯಿತು. ಅವಳ ಸ್ವಂತ ಪಾಲು ನಾಲ್ಕು ಡಬ್ಬಕ್ಕೇ ಮುಗಿಯಿತು.

ಚೀಲ ಕೊಡವಿದಳು. ಅದೇ ಹಸಿರು ಅಚ್ಚು, ಅದೇ ಅಳತೆಯ ಚೀಲ. ಡ್ರೈವರನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ಅಂಚಿನ ಸಣ್ಣಕ್ಷರ ಓದಿದಳು. "ತೂಕಾನೇ ಇಳಿಸಿದಾರಲ್ಲ! ಬೆಲೆ ಮುಟ್ಟಿಲ್ಲ, ಮೂಟೆ ಹೊಟ್ಟೆಗೇ ಕೈ ಹಾಕಿದಾರೆ."

"ಹಾಗಾದ್ರೆ ಎಲ್ಲಾರೂ ಮತ್ತೆ ಸುರೀರಿ. ಮೊದಲಿಂದ ಅಳೀತೀನಿ," ಎಂದಳು ಇಸ್ತ್ರಿಯಕ್ಕ.

ಟೈಲರಮ್ಮ ತನ್ನ ಪಾತ್ರೆಗೆ ತಟ್ಟೆ ಮುಚ್ಚಿದಳು. "ಕಟ್ಟಳೆ ನಿಂದೇ ಅಲ್ವೇನಕ್ಕ? ಕೈ ಚೊಕ್ಕ ಇದ್ದೋರಿಗೆ ಭಯ ಯಾಕೆ?"

"ನನ್ನ ಮೇಲಿನ ಸಿಟ್ಟು ಮಕ್ಕಳ ಹೊಟ್ಟೆ ಮೇಲೆ ತೀರಿಸ್ಕೋಬೇಡ್ವೇ."

"ನಮ್ಮನೇಲೂ ಹೊಟ್ಟೆಗಳೇ ಇರೋದು, ಗುಂಡುಕಲ್ಲಲ್ಲ." ಪಾತ್ರೆಯನ್ನು ಸೊಂಟಕ್ಕೇರಿಸಿ, ಸ್ಕೇಲನ್ನು ಅಲ್ಲೇ ಬಿಟ್ಟು ಟೈಲರಮ್ಮ ಹೊಸಿಲು ದಾಟಿದಳು.

ಡ್ರೈವರನ ಹೆಂಡತಿ ನೆಲ ನೋಡುತ್ತಾ ಎದ್ದಳು. "ಕೊಡಬಾರದು ಅಂತಲ್ಲಕ್ಕ. ನಮ್ಮೋರು ಬಂದು ಡಬ್ಬ ಎಣಿಸ್ತಾರೆ. ನಿಂಗೊತ್ತಲ್ಲ." ಅವಳೂ ಹೋದಳು.

ಉಳಿದವಳು ಅಜ್ಜಿ. ಅವಳು ಡಬ್ಬ ಎಳೆದುಕೊಂಡು ತನ್ನ ಬುಟ್ಟಿಯಿಂದ ಅಕ್ಕಿ ಮೊಗೆದಳು.

"ನಮ್ದು ಗುಬ್ಬಿ ಹೊಟ್ಟೆ. ಹಿಡಿ, ಮಗಳೇ."

ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಬಾಣಂತಿಯ ಹಸಿವು ಎಂಥದೆಂದು ಎರಡು ಹೆತ್ತ ಇಸ್ತ್ರಿಯಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇಡ ಅಜ್ಜಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೊರಗೆ ಹೆಣ್ಣುಮಕ್ಕಳ ಚಪ್ಪಲಿ ಸದ್ದಾಯಿತು. ಮಾತನ್ನು ನುಂಗಿ ಪಾತ್ರೆ ಮುಂದೊಡ್ಡಿದಳು.

ಅಜ್ಜಿಯ ಕೈಯಲ್ಲಿ ಅಕ್ಕಿ ಡಬ್ಬದ ಅಂಚು ಮೀರಿ ಗುಡ್ಡೆಯಾಗಿತ್ತು. ಸ್ಕೇಲು ಮೊಣಕಾಲ ಬಳಿಯೇ ಬಿದ್ದಿತ್ತು. ಇಸ್ತ್ರಿಯಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ಎರಡನೆಯ ಡಬ್ಬಕ್ಕೂ ಎತ್ತಿಕೊಳ್ಳಲಿಲ್ಲ.