ಸೆಪ್ಟೆಂಬರ್ ಮೂವತ್ತರವರೆಗೆ

ಮೂರನೆಯ ಸಲ ಬಸುರಿ ಎಂದು ಗೊತ್ತಾದ ದಿನ ನೇತ್ರಾ ಹಲ್ಲುಜ್ಜಿ, ತಿಂಡಿ ತಿಂದು ಕೆಲಸಕ್ಕೆ ಹೋದಳು. ಮನಸ್ಸಿಗೆ ಏನೂ ಅನಿಸಲಿಲ್ಲ. ಹಿಂದಿನ ಎರಡೂ ನಾಲ್ಕನೆಯ ತಿಂಗಳಲ್ಲೇ ಹೋಗಿದ್ದವು. ಈ ಸಲ ಆಸ್ಪತ್ರೆಯವರು ಮಗು ಜಾರದಂತೆ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಹೆಚ್ಚು ನಡೆಯಬಾರದೆಂದು ಪತ್ರ ಕೊಟ್ಟರು.

ಪತ್ರ ನೋಡಿ ಮೀಡಿಯಾಸಿಟಿಯ ಅವಳ ಆಫೀಸಿನ ಆಡಳಿತ ವಿಭಾಗದವರು, ಬಾಗಿಲ ಪಕ್ಕದಲ್ಲೇ ಅಂಗವಿಕಲರ ಸಾಲಿನಲ್ಲಿ ಕಾರು ನಿಲ್ಲಿಸಲು ಪರ್ಮಿಟ್ ಕೊಟ್ಟರು. ಅಂಗೈಯಗಲದ ಕಾರ್ಡು, ಅದರ ಮೇಲೆ ಬಸುರಿ ಹೆಂಗಸಿನ ದೊಡ್ಡ ಚಿತ್ರ. ಕಾರಿನ ಮುಂದಿನ ಗಾಜಿನಲ್ಲಿ ಎದ್ದು ಕಾಣುವಂತೆ ಇಡಬೇಕು. ಇಂಗ್ಲಿಷರ ಈ ಊರಿನವರು ಉಪಕಾರ ಮಾಡುತ್ತಾರೆ, ಇಲ್ಲವೆನ್ನಬಾರದು. ಆದರೆ ಬೋರ್ಡು ಹಾಕಿ ಮಾಡುತ್ತಾರೆ.

ಗದಗಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅತ್ತೆ ನೀಲಮ್ಮ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು. "ಐದ ತಿಂಗಳ ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಮಂದಿ ದೃಷ್ಟಿ ಛಲೋ ಅಲ್ಲ."

ನೇತ್ರಾ ದೃಷ್ಟಿಗಿಷ್ಟಿ ನಂಬುವವಳಲ್ಲ. ಆದರೂ ಒಪ್ಪಿದಳು. ಹಿಂದೆ ಎರಡು ಸಲವೂ ಆಫೀಸಿನಲ್ಲಿ ಸುದ್ದಿ ಹೇಳಿ, ಆಮೇಲೆ ಮೇಜಿನಿಂದ ಮೇಜಿಗೆ ಹೋಗಿ "ಇಲ್ಲ, ಹೋಯಿತು" ಎಂದೂ ಅವಳೇ ಹೇಳಿದ್ದಳು. ಮೂರನೆಯ ಸಲ ಅದನ್ನು ಹೇಳುವ ಶಕ್ತಿ ಉಳಿದಿರಲಿಲ್ಲ.

ಹಾಗಾಗಿ ಕಾರ್ಡನ್ನು ಸರಿಯಾಗಿ ಓದದೆಯೇ ಡ್ಯಾಶ್‌ಬೋರ್ಡಿನ ಖಾನೆಗೆ ತುರುಕಿದಳು. ದೂರದ ಕಾರ್ ಪಾರ್ಕಿನಲ್ಲಿ ನಿಲ್ಲಿಸಿ ದಿನಾ ಹನ್ನೆರಡು ನಿಮಿಷ ನಡೆದಳು. ಗಂಡ ಮೃತ್ಯುಂಜಯನಿಗೆ ಇದು ಗೊತ್ತೇ ಇರಲಿಲ್ಲ. ಓದಿದ ಹುಡುಗಿ ಮಾಡುವ ಕೆಲಸವೇ ಇದು? ಅಲ್ಲ. ಆದರೆ ಮಾಡಿದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಅರ್ಧ ದಾರಿಯಲ್ಲಿ ಕಿಬ್ಬೊಟ್ಟೆ ಬಿಗಿಯಾಗಿ ಹಿಡಿದುಕೊಂಡಿತು. ಕಾಲುವೆ ದಂಡೆಯ ಬೆಂಚಿನಲ್ಲಿ ಕುಳಿತಳು. ಹಿಂದೆಯೇ ಬಂದ ಸಹೋದ್ಯೋಗಿ ವಸುಂಧರಾ ನಿಂತಳು. ಬೆಂಗಳೂರಿನವಳು, ಒಳ್ಳೆಯವಳೇ, ಆದರೆ ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ದೂರದ ಲೆಸ್ಟರ್ ಊರಿನ ಕನ್ನಡಿಗರವರೆಗೆ ಮುಟ್ಟುತ್ತಿತ್ತು.

"ಯಾಕ್ರೀ ನೇತ್ರಾ, ಹುಷಾರಿಲ್ವಾ?"

"ಏನಿಲ್ಲ, ಮಂಡಿ ನೋವು. ನೀವು ನಡೀರಿ."

ಅವಳು ಹೋದ ಮೇಲೆ ನೇತ್ರಾ ಮನೆಗೆ ಫೋನ್ ಮಾಡಿದಳು. ಗಂಡನಾದರೆ ಮೊದಲು ಬೈಯುತ್ತಾನೆ, ಆಮೇಲೆ ಕೇಳಿಸಿಕೊಳ್ಳುತ್ತಾನೆ. ಅತ್ತೆಗೇ ಎಲ್ಲ ಹೇಳಿದಳು.

"ದಿನಾ ನಡಕೋತ ಹೊಂಟೀಯೇನು?" ನೀಲಮ್ಮನ ದನಿ ಕುಸಿಯಿತು. "ಆ ಕಾರ್ಡ್ ಎಲ್ಲೈತಿ?"

"ನೀವ ಹೇಳಿದ್ರಲ್ಲ ಅತ್ತಿ, ಯಾರಿಗೂ ಗೊತ್ತಾಗಬಾರದು ಅಂತ."

"ಬಾಯಿ ಬಿಡಬ್ಯಾಡ ಅಂದ್ನಿ. ನಡಿ ಅಂದಿದ್ನೇನವಾ? ನಾಳಿಂದ ಅದನ್ನ ಇಡು. ದೃಷ್ಟಿ ಬಿದ್ರ ನನ್ನ ಮ್ಯಾಲೆ ಬೀಳಲಿ."

ತಾಯಿಯಿಂದ ಸುದ್ದಿ ತಿಳಿದು ಮೃತ್ಯುಂಜಯ ಓಡಿ ಬಂದು ಆಸ್ಪತ್ರೆಗೆ ಕರೆದೊಯ್ದ. ಹೊಲಿಗೆ ಗಟ್ಟಿಯಾಗಿತ್ತು. ಮಗುವಿನ ಎದೆಬಡಿತ ಕೇಳಿಸಿದರು. ನೇತ್ರಾ ಗೋಡೆ ನೋಡುತ್ತ ಕೇಳಿಸಿಕೊಂಡಳು.

ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಂದವಳು ಬಾಗಿಲ ಪಕ್ಕದಲ್ಲೇ ಕಾರು ನಿಲ್ಲಿಸಿದಳು. ಕಾರ್ಡು ತೆಗೆದು ಇಡುವಾಗ ಚಿತ್ರದ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಸೆಪ್ಟೆಂಬರ್ ಮೂವತ್ತರವರೆಗೆ ಮಾನ್ಯ. ಮನೆಯಲ್ಲಿ ಯಾರೂ ಹೆರಿಗೆಯ ಆ ತಿಂಗಳ ಹೆಸರೆತ್ತಿರಲಿಲ್ಲ. ಅತ್ತೆ ಐದರಾಚೆ ಎಣಿಸಿರಲಿಲ್ಲ. ಅವಳ ಮುಖವನ್ನೂ ನೋಡದ ಆಫೀಸಿನ ಯಾರೋ ಒಬ್ಬರು, ಸೆಪ್ಟೆಂಬರ್ ಮುಟ್ಟುವುದೇನು ಮಹಾ ಎನ್ನುವಂತೆ ಟೈಪು ಮಾಡಿಟ್ಟಿದ್ದರು.

ಈ ಮಗು ನನಗೆ ಬೇಕು ಎಂದು ನೇತ್ರಾಳಿಗೆ ಅನಿಸಿತು. ಹಾಗೆ ಅನಿಸಿದ್ದೇ ತಡ, ಇದೂ ಹೋದರೆ ಎಂಬ ಹೆದರಿಕೆ ಮೈಯೆಲ್ಲ ತುಂಬಿಕೊಂಡು, ಬಾಗಿಲು ತೆರೆದು ಕಾಲು ಕೆಳಗಿಡಲು ಅವಳಿಗೆ ಧೈರ್ಯ ಬರಲಿಲ್ಲ.