ಹೆಸರಿಲ್ಲದ ಮದ್ದು

ನಮ್ಮ ಮನೆಯಲ್ಲಿ ಒಕ್ಕಣೆ ಬಂತೆಂದರೆ ತಂಗಿ ಸೊಣ್ಣಮ್ಮನಿಗೆ ಗೂರಲು. ಹದಿನಾರರ ಹುಡುಗಿ, ಕಣದಲ್ಲಿ ರಾಗಿ ತೂರಿದ ಸಂಜೆಯೆಲ್ಲ ಎದೆ ಗೊರಗುಟ್ಟುತ್ತಿತ್ತು. ಅಪ್ಪ ಚಿಕ್ಕವೆಂಕಟಪ್ಪ ಜಡಿಗೇನಹಳ್ಳಿ ಸುತ್ತಿಗೆಲ್ಲ ಗೂರಲಿನ ಮದ್ದು ಕೊಡುವವನು. ಆಡುಸೋಗೆ ಸೊಪ್ಪಿನ ಕಷಾಯ ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೆ ಅರೆದು ಹಾಕುತ್ತಿದ್ದ ಇನ್ನೊಂದರ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹೆಸರು ಆಡಿದರೆ ಮದ್ದು ಸಾಯುತ್ತದಂತೆ. ಸಾಯುವ ಹೊತ್ತಿಗೆ ಮಗನ ಕಿವಿಯಲ್ಲಷ್ಟೇ ಹೇಳಬೇಕಂತೆ.

"ಅಪ್ಪಾ, ದೂಳಿಗೇ ಹಿಂಗಾಗೋದು ಅಂತ ಹೊಸಕೋಟೆ ಡಾಕ್ಟ್ರು ಅಂದವ್ರೆ. ಅವಳನ್ನ ಕಣಕ್ಕೆ ಕಳಿಸ್ಬೇಡ. ಆಸ್ಪತ್ರೆಗೆ ಕರ್ಕೊಂಡೋಗ್ತೀನಿ," ಎಂದೆ.

"ಏಳ್ನೇ ಕ್ಲಾಸೂ ದಾಟದೋನು ನಂಗೆ ಹೇಳ್ಕೊಡ್ತೀಯೇನ್ಲಾ? ಮದ್ದು ಕೊಡೋನ ಮಗಳೇ ಸೂಜಿ ಚುಚ್ಚಿಸ್ಕೊಂಡ್ರೆ ನನ್ನ ಜಗಲಿಗೆ ಯಾರ್ಲಾ ಬತ್ತಾರೆ?"

ಆ ರೋಷಕ್ಕೆ ಅವತ್ತು ಎರಡು ಪಾಲು ಅರೆದ. ಸೊಣ್ಣಮ್ಮ ಕುಡಿದು ಮುಖ ಕಿವುಚಿದಳು. "ಅಣ್ಣಾ, ಒಂಚೂರು ಬೆಲ್ಲ ಕೊಡೋ."

"ಮದ್ದಿನ ಮೇಲೆ ಬೆಲ್ಲ ತಿನ್ಬಾರ್ದು," ಎಂದ ಅಪ್ಪ.

ಸ್ವಲ್ಪ ಹೊತ್ತಿಗೆ ಅವಳ ನಾಲಿಗೆ ಒಣಗಿತು, ಕಣ್ಣು ಅಗಲವಾಯಿತು. ನನ್ನ ಗುರುತು ಸಿಗಲಿಲ್ಲ. ಕೈಯಲ್ಲಿ ಮೊರ ಇದ್ದಂತೆ ಇಲ್ಲದ ರಾಗಿಯನ್ನು ತೂರತೊಡಗಿದಳು.

ಗಾಡಿ ಕಟ್ಟಿ ಆಸ್ಪತ್ರೆಗೆ ಹೊಡೆದೆ; ಅಪ್ಪನೂ ಹತ್ತಿ ಕೂತ. ಡಾಕ್ಟರು ಅವಳ ಕಣ್ಣು ನೋಡಿ ಅಪ್ಪನತ್ತ ತಿರುಗಿದರು.

"ಏನು ಕುಡಿಸಿದ್ರಿ ಯಜಮಾನ್ರೇ? ಗೊತ್ತಾದ್ರೆ ಅದಕ್ಕೆ ತಕ್ಕ ಔಷಧಿ ಕೊಡ್ತೀನಿ."

"ಆಡುಸೋಗೆ, ಸಾಮಿ."

"ಅದಕ್ಕೆ ಹೀಗಾಗಲ್ಲ. ಜೊತೆಗೆ ಇನ್ನೇನು?"

ನಾನು ಅಪ್ಪನ ಕಾಲು ಹಿಡಿದೆ. "ಬಾಯಿ ಬಿಡಪ್ಪಾ!"

"ಹೇಳಿದ್ರೆ ಮದ್ದು ಸಾಯ್ತದೆ ಕಣ್ಲಾ."

ದೀಪ ಹಚ್ಚುವ ಹೊತ್ತಿಗೆ ಸೊಣ್ಣಮ್ಮ ಸತ್ತಳು. ಮದ್ದು ಉಳಿಯಿತು.

ಮಣ್ಣು ಮಾಡಿ ಬಂದವನಿಗೆ ಅರೆಯುವ ಕಲ್ಲಿನ ಬದಿಯಲ್ಲಿ ಒಡೆದ ಮುಳ್ಳುಕಾಯಿ ಸಿಕ್ಕಿತು. ಉಮ್ಮತ್ತಿ! ದತ್ತೂರಿ ಅನ್ನುತ್ತಾರಲ್ಲ, ಅದೇ; ನಮ್ಮ ತಿಪ್ಪೆಯ ಮೇಲೇ ಬೆಳೆಯುವುದು. ದನವೂ ಬಾಯಿ ಹಾಕುವುದಿಲ್ಲ.

ತಿಥಿ ಮುಗಿದ ಮೊದಲ ಸೋಮವಾರವೇ ಜಗಲಿ ತುಂಬಿತು. ಪಾಪಮ್ಮ ಗೊರಗುಟ್ಟುವ ಮೊಮ್ಮಗಳನ್ನು ಮಡಿಲಲ್ಲಿಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಳು. ಅಪ್ಪ ಮಗುವಿನ ಬಾಯಿಗೆ ಲೋಟ ಹಿಡಿದ. ಕಿತ್ತು ಅಂಗಳಕ್ಕೆ ಚೆಲ್ಲಿದೆ.

"ಇದ್ರಲ್ಲಿರೋದು ಉಮ್ಮತ್ತಿ ಬೀಜ! ಕೇಳ್ಸ್ತಾ? ಉಮ್ಮತ್ತಿ! ನನ್ನ ತಂಗೀನ ಕೊಂದಿದ್ದು ಇದೇ!"

ಅಪ್ಪ ಕೆನ್ನೆಗೆ ಬಿಟ್ಟ. ಪಾಪಮ್ಮ ಎದ್ದು ನನ್ನ ಮುಂದೆಯೇ ಉಗಿದಳು. "ಹೆಸರು ಆಡ್ಬುಟ್ಟಲ್ಲೋ ಪಾಪಿ! ಮದ್ದು ಕೆಡಿಸ್ಬುಟ್ಟಲ್ಲೋ!"

"ಗಾಡಿ ಕಟ್ತೀನಿ, ಹತ್ತು ತಾಯಿ. ಆಸ್ಪತ್ರೆಗೆ ಹೋಗನ."

ಅವಳು ಹತ್ತಲಿಲ್ಲ. ಅನುಗೊಂಡನಹಳ್ಳಿಯಲ್ಲಿ ಇನ್ನೊಬ್ಬ ಮದ್ದಿನವನಿದ್ದಾನೆ, ಅವನು ಹೆಸರು ಹೇಳುವವನಲ್ಲ ಎನ್ನುತ್ತಾ ಕೂಸನ್ನು ಸೊಂಟಕ್ಕೇರಿಸಿ ನಡೆದೇಬಿಟ್ಟಳು.

ಖಾಲಿ ಗಾಡಿ ಹೊಡೆದುಕೊಂಡು ಹಿಂದೆಯೇ ಹೊರಟೆ. ದಾರಿಯುದ್ದಕ್ಕೂ ಎದುರು ಸಿಕ್ಕವರಿಗೆಲ್ಲ ಕೇಳುವಂತೆ ಆ ಹೆಸರನ್ನೇ ಕೂಗಿದೆ.