ಆರಲು ಇಪ್ಪತ್ತು ನಿಮಿಷ

ದಾಬಸ್‌ಪೇಟೆಯ ನಮ್ಮ ಕಾರ್ಖಾನೆಯಲ್ಲಿ ಹದಿನೇಳು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಲೇತಿನಿಂದ ಇಳಿದ ಬುಶ್‌ಗಳನ್ನು, ಅಂದರೆ ಉಕ್ಕಿನ ಸಣ್ಣ ಕೊಳವೆಗಳನ್ನು, ತಟ್ಟೆಯಲ್ಲಿ ಹರಡಿ, ಅಳತೆ ರೂಮಿನ ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಮೈಕ್ರೋಮೀಟರಿನಲ್ಲಿ ಅಳೆಯುವುದು. ಬಿಸಿ ಉಕ್ಕು ಹಿಗ್ಗಿರುತ್ತದೆ. ಆಗ ಅಳೆದರೆ ಸುಳ್ಳು ಅಳತೆ ಬರುತ್ತದೆ.

"ಸನಾವುಲ್ಲಾ ಭಾಯ್, ಬುಶ್‌ಗೆ ಟೀ ಕುಡ್ಸಿದ್ರಾ?" ಎಂದು ಲೇತಿನ ಬೈರಣ್ಣ ದಿನಾ ರೇಗಿಸುತ್ತಿದ್ದ.

"ನಿನ್ ಕೈಗ್ ಸಿಕ್ಕಿ ಸುಸ್ತಾಗೈತೆ ಕಣೋ, ಸ್ವಲ್ಪ ಮಲಗ್ಲಿ" ಎನ್ನುತ್ತಿದ್ದೆ.

ಯುಗಾದಿ ಕಳೆದ ಮೇಲೆ ಅಳತೆ ಮಾಡುವ ಸಾಧನವೊಂದು ಲೇತಿನ ಒಳಗೇ ಬಂದು ಕೂತಿತು. ಕೊರೆಯುವುದೂ ಅದೇ ಲೇತು, ಅಳೆಯುವುದೂ ಅದೇ, ತಪ್ಪಿದರೆ ತಿದ್ದಿಕೊಳ್ಳುವುದೂ ಅದೇ. ಮ್ಯಾನೇಜರ್ ವೇಣುಗೋಪಾಲ್ ನನ್ನನ್ನು ಕರೆದು, "ಒಂದು ತಿಂಗಳು ನೋಡ್ತೀವಿ. ಅದು ಸರಿಯಾಗಿ ಅಳೆದ್ರೆ ನಿಮ್ಮ ರೂಮ್ ಇರಲ್ಲ" ಎಂದರು. ರೂಮಿಲ್ಲವೆಂದರೆ ನಾನೂ ಇಲ್ಲ. ಬೇರೆ ಕೆಲಸ ಈ ಕೈಗೆ ಗೊತ್ತಿಲ್ಲ.

ಎರಡನೇ ವಾರದ ಒಂದು ಮಧ್ಯಾಹ್ನ ಹೋದ ಜೀವ ಬಂದಂತಾಯಿತು. ಶೀಟಿನ ಚಾವಣಿ ಕಾದಿತ್ತು. ಯಂತ್ರ ಸರಿ ಎಂದಿದ್ದ ಬುಶ್‌ಗಳು ನನ್ನ ತಟ್ಟೆಯಲ್ಲಿ ಆರಿದ ಮೇಲೆ ಅಳತೆಗಿಂತ ಸಣ್ಣವಾಗಿದ್ದವು. ಮುನ್ನೂರು ಬುಶ್, ಅಷ್ಟೂ ಗುಜರಿಗೆ! ಖುಷಿ ಮುಚ್ಚಿಡಲಾಗಲಿಲ್ಲ. ನನ್ನ ನೋಟ್‌ಬುಕ್ಕುಗಳನ್ನೆಲ್ಲ ಹೊತ್ತು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಎಷ್ಟು ಬಿಸಿಗೆ ಎಷ್ಟು ಹಿಗ್ಗಿತ್ತು, ಆರಿದ ಮೇಲೆ ಎಷ್ಟಾಯಿತು, ಹದಿನೇಳು ವರ್ಷದ್ದೂ ಅದರಲ್ಲಿತ್ತು.

"ಮಿಷನ್‌ಗೆ ಇದೆಲ್ಲ ಗೊತ್ತಾಗಲ್ಲ ಸಾರ್. ಅದಕ್ಕೆ ತಾಳ್ಮೆ ಇಲ್ಲ."

ಯಂತ್ರ ಮಾರಿದ ಕಂಪನಿಯ ಇಂಜಿನಿಯರ್ ಹುಡುಗಿ ಅಕ್ಷತ ಅಲ್ಲೇ ಇದ್ದಳು. ಒಂದೊಂದೇ ಪುಟ ತಿರುವಿದಳು. "ಅಂಕಲ್, ಇದು ನಮ್ಮ ಹತ್ರಾನೇ ಇರ್ಲಿಲ್ಲ. ಫೋಟೋ ತಗೊಳ್ಲಾ?"

"ತಗೋಮ್ಮಾ" ಎಂದೆ. ಹೆಮ್ಮೆಯಿಂದಲೇ ಹೇಳಿದೆ, ನನ್ನ ಬುದ್ಧಿಗಿಷ್ಟು.

ನಾಲ್ಕೇ ದಿನದಲ್ಲಿ ಅವಳು ಲೇತಿಗೊಂದು ಬಿಸಿ ಅಳೆಯುವ ಸೆನ್ಸರ್ ಹಾಕಿ, ನನ್ನ ಲೆಕ್ಕವನ್ನು ಅದಕ್ಕೆ ತುಂಬಿದಳು. ಈಗ ಅದು ಬಿಸಿ ಬುಶ್ಶನ್ನೇ ಅಳೆದು, ಆರಿದ ಮೇಲೆ ಎಷ್ಟಾಗುತ್ತದೆಂದು ಹೇಳುತ್ತದೆ. ಅದು ಹೇಳಿದ್ದು ಸರಿಯೇ ಎಂದು ಪರೀಕ್ಷಿಸಲು ಕೂರಿಸಿದ್ದು ನನ್ನನ್ನೇ. ಇಪ್ಪತ್ತು ನಿಮಿಷ ಕಾದು ಹತ್ತು ಬುಶ್ ಅಳೆದೆ. ಹತ್ತೂ ಸರಿ. ಮನಸ್ಸು ಒಪ್ಪದೆ ಇನ್ನೂ ಹತ್ತು ಅಳೆದೆ. ತಪ್ಪೆಂದು ಬರೆದುಬಿಡಬಹುದಿತ್ತು, ಕೈ ಬರಲಿಲ್ಲ. ಸರಿ ಎಂದು ಬರೆದು ಸಹಿ ಹಾಕಿದೆ.

ಸಂಜೆ ಫ್ಯಾನು ಬಿಚ್ಚಲು ಬೈರಣ್ಣ ಬಂದ. ಸ್ಟೂಲ್ ಹತ್ತಿದ, ಬಿಚ್ಚಿದ, ಇಳಿದ. ಬುಶ್‌ಗೆ ಟೀ ಕುಡಿಸುವ ಮಾತೆತ್ತಲಿಲ್ಲ. ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ.